ರೋಟಾಕ್ಸ್ ತಡವರಿಸಿದರೆ ಮೊದಲು ಪೆಟ್ರೋಲ್ ನೋಡಿ

ನಮ್ಮ ಶೆಡ್ ಇರುವುದು ಮಲ್ಪೆ ಹತ್ತಿರ. ಕೈಯಾರೆ ಕಟ್ಟಿದ ಎರಡು ಸೀಟಿನ ವಿಮಾನ, ರೋಟಾಕ್ಸ್ 912 ಯುಎಲ್ ಎಂಜಿನ್. ಅದು ತಡವರಿಸಿದರೆ ನೋಡಲು ಬಂದವರೆಲ್ಲ ಕಾರ್ಬೊರೇಟರ್ ಬಿಚ್ಚು ಅನ್ನುತ್ತಾರೆ. ನಾನು ಮೊದಲು ಟ್ಯಾಂಕಿನ ತಳ ನೋಡುತ್ತೇನೆ.

ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಈ ಎಂಜಿನ್ನಿಗೆ ಎಥನಾಲ್ ಶೇ. 10ರವರೆಗೆ ಮಾತ್ರ ಸರಿ. ಪರೀಕ್ಷೆ ಸುಲಭ. ಗೆರೆ ಇರುವ ಗಾಜಿನ ಜಾಡಿಗೆ 10 ಮಿಲಿ ನೀರು, ಅದರ ಮೇಲೆ 90 ಮಿಲಿ ಪೆಟ್ರೋಲ್ ಹಾಕಿ. ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗೆ ಇಳಿಯುತ್ತದೆ. ಕೆಳಗಿನ ಪದರ 19 ಮಿಲಿ (10 ನೀರು, 90ರಲ್ಲಿ ಶೇ. 10 ಅಂದರೆ 9 ಎಥನಾಲ್) ದಾಟಿತೋ, ಆ ಪೆಟ್ರೋಲ್ ಸ್ಕೂಟರಿಗೆ ಹಾಕಿ. ಶೆಡ್ಡಿನ ಹೊರಗೆ ಮಾಡಿ, ಬೀಡಿ ಸೇದುವವರನ್ನು ದೂರ ಕಳಿಸಿ!

ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಬಿಡಲೇಬಾರದು. ಒಳಗಿನ ಗಾಳಿಯ ತೇವ ನೀರಾಗುತ್ತದೆ. ಬೆಳಿಗ್ಗೆ ವಿಮಾನ ಅಲುಗಾಡಿಸುವ ಮೊದಲೇ ತಳದ ಡ್ರೈನಿನಿಂದ ಸ್ವಲ್ಪ ತೆಗೆದು ಬೆಳಕಿಗೆ ಹಿಡಿಯಿರಿ.

ಪೆಟ್ರೋಲ್ ಸರಿ ಇದ್ದರೆ ಇಗ್ನಿಷನ್, ಅಂದರೆ ಕಿಡಿ ಕೊಡುವ ವ್ಯವಸ್ಥೆ. ಈ ಎಂಜಿನ್ನಿಗೆ ಅದು ಎರಡು, ಒಂದೊಂದಕ್ಕೂ ಬೇರೆ ಸ್ವಿಚ್. ಚಕ್ರಕ್ಕೆ ಅಡ್ಡ ಕಟ್ಟೆ, ಬಾಲಕ್ಕೆ ಹಗ್ಗ, ಆಮೇಲೆ 4000 ಆರ್‌ಪಿಎಂ. ಒಂದು ಸಲಕ್ಕೆ ಒಂದೇ ಸ್ವಿಚ್ ಆಫ್ ಮಾಡಿ. ಆರ್‌ಪಿಎಂ 300ಕ್ಕಿಂತ ಜಾಸ್ತಿ ಇಳಿದರೆ, ಆನ್ ಉಳಿದ ಕಡೆಯ ಪ್ಲಗ್, ಕ್ಯಾಪ್, ವೈರ್ ನೋಡಿ. ಉಪ್ಪುಗಾಳಿಗೆ ಕನೆಕ್ಟರ್ ಹಸಿರು ಹಿಡಿದಿರುತ್ತದೆ, ಸುಮ್ನೆ ಹೊಸ ಪ್ಲಗ್ ತರಬೇಡಿ.

ಇಷ್ಟಾದರೂ ಕಡಿಮೆ ವೇಗದಲ್ಲಿ ನಡುಗಿದರೆ ಮಾತ್ರ ಎರಡು ಕಾರ್ಬೊರೇಟರ್‌ಗಳಿಗೂ ವ್ಯಾಕ್ಯೂಮ್ ಗೇಜ್ (ಗಾಳಿಯ ಎಳೆತ ಅಳೆಯುವ ಮೀಟರ್) ಹಾಕಿ ಸಮ ಮಾಡಿ.