ಸಿರಿಂಜಿನ ಜೆಸಿಬಿ, ಒಳಗೊಂದು ಗಾಳಿಗುಳ್ಳೆ

ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ಶುರುವಾದಾಗ ನಾನೀಗ ಬೋರ್ಡಿನ ಮೇಲೆ ಸೂತ್ರ ಬರೆಯುವುದಿಲ್ಲ. ಮೊದಲು ಸಿರಿಂಜ್ ಹಂಚುತ್ತೇನೆ. ಸೂಜಿ ಇಲ್ಲದ ಹೊಸ ಸಿರಿಂಜ್, ಅಕ್ವೇರಿಯಂ ಪೈಪ್, ಗಟ್ಟಿ ರಟ್ಟು, ಕೀಲಿಗೆ ಸೈಕಲ್ ಸ್ಪೋಕ್ ಕಡ್ಡಿ. ಜೆಸಿಬಿ ಮಾಡಿ ಅಂತ ಹೇಳಿ ಸುಮ್ನೆ ನಿಲ್ಲುತ್ತೇನೆ.

ಮೊದಲ ದಿನ ಯಾವ ಗುಂಪಿನದೂ ಸರಿಯಾಗಿ ಏಳಲಿಲ್ಲ. ನೀರು ತುಂಬಿ ಪೈಪಿನಿಂದ ಜೋಡಿಸಿದ ಎರಡು ಸಿರಿಂಜಿನಲ್ಲಿ ಒಂದನ್ನು ಒತ್ತಿದರೆ ಇನ್ನೊಂದು ಜೆಸಿಬಿಯ ತೋಳನ್ನು ಎತ್ತಬೇಕು. ಪೂರ್ತಿ ಒತ್ತಿದರೂ ತೋಳು ಅರ್ಧಕ್ಕೇ ನಿಂತು ಅಲ್ಲಾಡುತ್ತಿತ್ತು. ಕಾರಣ ನನಗೆ ಗೊತ್ತಿತ್ತು, ಪೈಪಿನೊಳಗೆ ಗಾಳಿಗುಳ್ಳೆ ಇತ್ತು, ಆದರೆ ನಾನು ಬಾಯಿ ಬಿಡಲಿಲ್ಲ, ಅದು ಬಹಳ ಕಷ್ಟದ ಕೆಲಸ. ಕೊನೆಗೆ ಗ್ಯಾರೇಜ್ ಕೆಲಸದವರ ಮಗನೊಬ್ಬ ಪೈಪನ್ನು ಬೆಳಕಿಗೆ ಹಿಡಿದು ನೋಡಿ, “ಸರ್, ಇದ್ರಲ್ಲಿ ಏರ್ ಇದೆ, ನಮ್ಮಪ್ಪ ಬ್ರೇಕಿಂದ ಏರ್ ತೆಗೀತಾರಲ್ಲ, ಹಂಗೇ ತೆಗೀಬೇಕು” ಅಂದ. ಬಕೆಟ್ ನೀರಿನಲ್ಲಿ ಎಲ್ಲವನ್ನೂ ಮುಳುಗಿಸಿ, ಮುಳುಗಿದ್ದಂತೆಯೇ ಪೈಪ್ ಸೇರಿಸಿದರು. ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಹೆಚ್ಚೂಕಡಿಮೆ ಕುಗ್ಗುವುದೇ ಇಲ್ಲ. ಇದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಆಮೇಲೆ ಒಂದು ಕುಸ್ತಿ. 5 ಎಂಎಲ್ ಮತ್ತು 20 ಎಂಎಲ್ ಸಿರಿಂಜನ್ನು ಒಂದೇ ಪೈಪಿಗೆ ಜೋಡಿಸಿ, ದೊಡ್ಡದನ್ನು ತರಗತಿಯ ಗಟ್ಟಿ ಹುಡುಗನಿಗೆ, ಚಿಕ್ಕದನ್ನು ಎಲ್ಲರಿಗಿಂತ ಸಣ್ಣ ಹುಡುಗಿಗೆ ಕೊಟ್ಟೆ. ಅವಳು ಗೆದ್ದಳು! ಯಾಕೆ ಅಂತ ಅವರೇ ಸ್ಕೇಲ್ ಹಿಡಿದು ರಬ್ಬರ್ ತುದಿಗಳನ್ನು ಅಳೆದರು: ಒಂದರ ವ್ಯಾಸ ಸುಮಾರು 12 ಮಿಲಿಮೀಟರ್, ಇನ್ನೊಂದರದು 20. ವಿಸ್ತೀರ್ಣ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 2.8 ಪಟ್ಟು. ಒಳಗಿನ ಒತ್ತಡ ಎರಡೂ ಕಡೆ ಒಂದೇ, ಹಾಗಾಗಿ ದೊಡ್ಡದರ ಕಡೆ ಬಲವೂ ಅಷ್ಟು ಪಟ್ಟು ಜಾಸ್ತಿ, ರಬ್ಬರಿನ ಘರ್ಷಣೆ ಒಂದಿಷ್ಟು ತಿನ್ನುತ್ತದೆ ಅಷ್ಟೇ. ಆದರೆ ಚಿಕ್ಕದು 4 ಸೆಂಟಿಮೀಟರ್ ಒಳಗೆ ಹೋದಾಗ ದೊಡ್ಡದು ಸರಿದದ್ದು ಒಂದೂವರೆಯೂ ಇಲ್ಲ. “ಬಲ ಸಿಕ್ತು, ದೂರ ಹೋಯ್ತು ಅಲ್ವಾ ಸರ್” ಅಂದಳು ಅವಳು. ಮುಚ್ಚಿದ ದ್ರವವನ್ನು ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂಬ ನಿಯಮ ಕೊಟ್ಟ ವಿಜ್ಞಾನಿ ಪ್ಯಾಸ್ಕಲ್ ಹೆಸರನ್ನು ನಾನು ಹೇಳಿದ್ದು ಆಗ.

ಮಾಡುವವರಿಗೆ ಒಂದೆರಡು ಮಾತು. ಪೈಪ್ ಬಾಯಿಗೆ ದಾರ ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಜೋರಾಗಿ ಒತ್ತಿದಾಗ ಕಳಚಿ ನೀರು ಮುಖಕ್ಕೆ ಹಾರುತ್ತದೆ. ನೀರಿಗೆ ನಾಲ್ಕು ಹನಿ ಇಂಕ್ ಹಾಕಿದರೆ ಗುಳ್ಳೆ ಬೇಗ ಕಾಣುತ್ತದೆ. ಐದು ಪೀರಿಯಡ್ ಬೇಕೇ ಬೇಕು, ಎರಡರಲ್ಲಿ ಮುಗಿಸಲು ಹೋದರೆ ಕಟ್ಟುವವರು ಮೇಷ್ಟ್ರು, ನೋಡುವವರು ಮಕ್ಕಳು ಅಂತಾಗುತ್ತದೆ. ಮುಗಿದ ಮೇಲೆ ಮಾದರಿಯನ್ನು ಬೀರುವಿನಲ್ಲಿ ಇಡಬೇಡಿ. ಬಿಚ್ಚಿಸಿ, ಸಿರಿಂಜ್ ಒಣಗಿಸಿ ಡಬ್ಬಕ್ಕೆ ಹಾಕಿ, ಮುಂದಿನ ವರ್ಷದ ಮಕ್ಕಳಿಗೆ ಬೇಕಾಗುತ್ತದೆ.