ಇಂಗ್ಲೆಂಡಿನಲ್ಲಿ ವೈದ್ಯರ ನಿಗಾದಲ್ಲಿ ತೂಕ ಇಳಿಸುವುದು: ಹಾಸನ, ಚಿಕ್ಕಮಗಳೂರಿನಿಂದ ಬಂದವರಿಗೆ

ಹಾಸನದಲ್ಲಿ ಮಂಡಿನೋವು ಬಂದವರು ನೇರವಾಗಿ ಮೂಳೆ ಡಾಕ್ಟರ ಬಳಿಗೂ, ಸಕ್ಕರೆ ಕಾಯಿಲೆಯ ಅನುಮಾನ ಬಂದವರು ನೇರವಾಗಿ ಶುಗರ್ ಡಾಕ್ಟರ ಬಳಿಗೂ ಹೋಗುತ್ತಾರೆ. ಆ ರೂಢಿಯಲ್ಲೇ ಬೆಳೆದು ಇಂಗ್ಲೆಂಡಿಗೆ ಬಂದವರು, ತೂಕ ಇಳಿಸಲು ವೈದ್ಯರ ಸಹಾಯ ಬೇಕೆನಿಸಿದಾಗ, ಯಾವ ಸ್ಪೆಷಲಿಸ್ಟರನ್ನು ಕಾಣಬೇಕೆಂದು ಹುಡುಕುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ಇರುವ ಮುಖ್ಯ ಬಾಗಿಲು ನಿಮ್ಮ ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಸಮೀಪದ ಕುಟುಂಬ ವೈದ್ಯರ ಕ್ಲಿನಿಕ್. ನೋಂದಣಿ ಉಚಿತ, ವಿಳಾಸದ ಪುರಾವೆ ಇಲ್ಲವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ಕೆಲಸದ ವೀಸಾದಲ್ಲಿ ಬಂದವರು ಆರೋಗ್ಯ ಸೇವೆಯ ಬಾಬ್ತಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 1,035 ಪೌಂಡ್‌ನಂತೆ ವೀಸಾ ಅರ್ಜಿಯ ಜೊತೆಗೇ ಕಟ್ಟಿರುತ್ತಾರೆ. ಆದ್ದರಿಂದ ವೈದ್ಯರನ್ನು ಕಾಣಲು ಬೇರೆ ಶುಲ್ಕವಿಲ್ಲ.

ಇಲ್ಲಿ ಪ್ರತಿಯೊಂದು ಹಂತದ ಸೇವೆಯೂ ಸಂಖ್ಯೆಗಳನ್ನು ನೋಡಿಯೇ ದೊರೆಯುತ್ತದೆ. ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಬಿಎಂಐ ಸಾಮಾನ್ಯವಾಗಿ 30 ದಾಟಿದರೆ ಬೊಜ್ಜು ಎನ್ನುತ್ತಾರೆ. ಆದರೆ ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ನೈಸ್ ಎಂಬ ಸಂಸ್ಥೆ, ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಗಳು ಬರುವುದರಿಂದ, ಈ ಗೆರೆಯನ್ನು ನಮಗೆ 27.5ಕ್ಕೆ ಇಳಿಸಿದೆ, 23 ದಾಟಿದರೆ ಅಧಿಕ ತೂಕವೆಂದು ಎಣಿಸುತ್ತದೆ. 165 ಸೆಂಟಿಮೀಟರ್ ಎತ್ತರದ ಬಿಳಿಯ ವ್ಯಕ್ತಿ ಸುಮಾರು 82 ಕೆಜಿ ತೂಗಿದಾಗ ಬೊಜ್ಜಿನ ಗೆರೆ ಮುಟ್ಟಿದರೆ, ಅದೇ ಎತ್ತರದ ಅರಸೀಕೆರೆಯವರೋ ಕಡೂರಿನವರೋ 75 ಕೆಜಿಗೇ ಅದನ್ನು ಮುಟ್ಟುತ್ತಾರೆ. ಊರಿನಲ್ಲಿ 75 ಕೆಜಿ ತೂಗುವವರನ್ನು ಯಾರೂ ದಪ್ಪ ಎನ್ನುವುದಿಲ್ಲ, 'ಮೈ ತುಂಬಿಕೊಂಡಿದ್ದಾರೆ' ಎಂದು ಮೆಚ್ಚಿಕೊಳ್ಳುವವರೇ ಹೆಚ್ಚು ಎಂಬುದು ಬೇರೆ ಮಾತು.

ಈ ರಿಯಾಯಿತಿ ಸಿಗಬೇಕಾದರೆ ನಿಮ್ಮ ಮೂಲ ಯಾವುದೆಂದು ಜಿಪಿ ದಾಖಲೆಯಲ್ಲಿ ಬರೆದಿರಬೇಕು. ನನ್ನ ದಾಖಲೆಯಲ್ಲಿ ಆ ಕಲಂ ನಾಲ್ಕು ವರ್ಷ ಖಾಲಿಯೇ ಇತ್ತು. ನೋಂದಣಿಯ ದಿನ ಅದು ಅನಾವಶ್ಯಕ ಪ್ರಶ್ನೆಯೆಂದು ನಾನೇ ಬಿಟ್ಟಿದ್ದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಅದನ್ನು ತುಂಬಿಸಿ, ತೂಕ, ಎತ್ತರ, ರಕ್ತದೊತ್ತಡವನ್ನು ಅಲ್ಲಿಯೇ ಅಳೆಸಿ ಬರೆಸಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬೇಕೇ ಎಂದು ಕೇಳಬೇಕು. ಇದರ ಫಲಿತಾಂಶವನ್ನು ಇಲ್ಲಿ ನಮ್ಮಂತೆ ಶೇಕಡಾದಲ್ಲಿ ಹೇಳುವುದಿಲ್ಲ: 42ರಿಂದ 47 ಬಂದರೆ ಸಕ್ಕರೆ ಕಾಯಿಲೆಯ ಅಂಚು, 48 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬುದು ಇನ್ನೊಂದು ಅಳತೆ. ಅದನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಬೇಕೇ ಹೊರತು, ಹೊಟ್ಟೆಯ ಕೆಳಗೆ ಪಂಚೆ ಕಟ್ಟುವ ಜಾಗದಲ್ಲಲ್ಲ.

ಸಂಖ್ಯೆಗಳು ದಾಖಲಾದ ಮೇಲೆ ಜಿಪಿ ನಿಮ್ಮನ್ನು ಮುಂದಕ್ಕೆ ಕಳುಹಿಸುತ್ತಾರೆ. ಸಕ್ಕರೆಯ ಅಂಚಿನಲ್ಲಿರುವವರಿಗೆ ಒಂಬತ್ತು ತಿಂಗಳ ತಡೆಗಟ್ಟುವ ಕಾರ್ಯಕ್ರಮವಿದೆ. ಬೊಜ್ಜಿನ ಜೊತೆ ಶುಗರ್ ಅಥವಾ ಬಿ.ಪಿ. ಇರುವವರಿಗೆ ಫೋನಿನಲ್ಲೇ ನಡೆಯುವ 12 ವಾರದ ಕಾರ್ಯಕ್ರಮವಿದೆ. ಟೈಪ್ 2 ಸಕ್ಕರೆ ಕಾಯಿಲೆ ಬಂದು ಆರು ವರ್ಷ ಮೀರದವರಿಗೆ ಇರುವ ಇನ್ನೊಂದು ಕಾರ್ಯಕ್ರಮ ಕಟ್ಟುನಿಟ್ಟಿನದು: ಮೊದಲ 12 ವಾರ ಊಟವನ್ನು ಪೂರ್ತಿ ಬಿಟ್ಟು, ದಿನಕ್ಕೆ 800ರಿಂದ 900 ಕ್ಯಾಲೊರಿಯ ಸೂಪು, ಶೇಕುಗಳ ಮೇಲೆಯೇ ಇರಬೇಕು. ಶುಗರ್ ಮತ್ತು ಬಿ.ಪಿ. ಮಾತ್ರೆಗಳನ್ನು ಜಿಪಿ ಆರಂಭದಲ್ಲೇ ಬದಲಾಯಿಸುವುದರಿಂದ, ಊರಿನ ಉಪವಾಸದಂತೆ ಇದನ್ನು ಸ್ವಂತವಾಗಿ ಮಾಡಲು ಹೋಗಬಾರದು. ದೀಪಾವಳಿಯ ವೇಳೆಗೆ ಹಾಸನಾಂಬೆಯ ದರ್ಶನಕ್ಕೆಂದು ಊರಿಗೆ ಹೋಗುವವರು ಆ 12 ವಾರಗಳನ್ನು ಬೇರೆ ಕಾಲಕ್ಕೆ ಇಟ್ಟುಕೊಳ್ಳುವುದೇ ವಾಸಿ. ಇವೆಲ್ಲಕ್ಕೂ ಮೇಲೆ, ವೈದ್ಯರು, ಡಯಟೀಶಿಯನ್, ಮನಶ್ಶಾಸ್ತ್ರಜ್ಞರು ಒಟ್ಟಾಗಿ ನೋಡುವ ವಿಶೇಷ ಕ್ಲಿನಿಕ್ಕುಗಳು, ಕೊನೆಯದಾಗಿ ಶಸ್ತ್ರಚಿಕಿತ್ಸೆ. ಕಾಯುವ ಅವಧಿ ಊರಿಂದ ಊರಿಗೆ ಬಹಳ ವ್ಯತ್ಯಾಸವಾಗುತ್ತದೆ.

ಈಗ ಎಲ್ಲರೂ ಕೇಳುವುದು ಚುಚ್ಚುಮದ್ದಿನ ಬಗ್ಗೆ. ಮೌಂಜಾರೊ ಎಂಬ ಹೆಸರಿನ ಟಿರ್ಜೆಪಟೈಡ್ ಔಷಧಕ್ಕೆ ನೈಸ್ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಜೂನ್‌ನಿಂದ ಎನ್‌ಎಚ್‌ಎಸ್ ಅದನ್ನು ಹಂತಹಂತವಾಗಿ ಕೊಡತೊಡಗಿತು. 2025ರಲ್ಲಿ ಆರಂಭವಾದ ಮೊದಲ ಹಂತದ ಗೆರೆ ಬಿಎಂಐ 40, ನಮಗೆ 37.5, ಅಂದರೆ ಅದೇ 165 ಸೆಂಟಿಮೀಟರ್‌ಗೆ ಸುಮಾರು 102 ಕೆಜಿ. ಅದರ ಜೊತೆಗೆ ಟೈಪ್ 2 ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಏರುಪೇರು, ಹೃದಯ ಹಾಗೂ ರಕ್ತನಾಳದ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಈ ಐದರಲ್ಲಿ ನಾಲ್ಕಾದರೂ ಇರಬೇಕಿತ್ತು. ಜಿಪಿ 'ಇಲ್ಲ' ಎಂದರೆ ಅದು ಅವರ ಜಿಪುಣತನವಲ್ಲ. ವೆಗೋವಿ ಎಂಬ ಹೆಸರಿನ ಇನ್ನೊಂದು ಚುಚ್ಚುಮದ್ದಾದ ಸೆಮಾಗ್ಲುಟೈಡ್ ವಿಶೇಷ ಕ್ಲಿನಿಕ್ಕಿನಲ್ಲಿ ಮಾತ್ರ, ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಮರಳಿ ಬಂದದ್ದು ಸೆಮಾಗ್ಲುಟೈಡ್ ಅಧ್ಯಯನದಲ್ಲೇ ಕಂಡಿದೆ. ಹಾಗಾಗಿ ಮದುವೆಗೆ ಮುಂಚೆ ನಾಲ್ಕು ತಿಂಗಳು ಚುಚ್ಚಿಕೊಂಡು ಬಿಡುವ ಯೋಚನೆಯಲ್ಲಿ ಹುರುಳಿಲ್ಲ.

ಕಾಯಲಾರದವರು ಖಾಸಗಿಯಾಗಿ ಕೊಳ್ಳುತ್ತಾರೆ. ಮೌಂಜಾರೊ ತಯಾರಕರು 2025ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಬೆಲೆ ಏರಿಸಿ, ಅತಿ ಹೆಚ್ಚಿನ ಪ್ರಮಾಣದ ಚುಚ್ಚುವ ಪೆನ್ನಿನ ಪಟ್ಟಿಬೆಲೆಯನ್ನು 122ರಿಂದ 330 ಪೌಂಡ್‌ಗೆ ಒಯ್ದರು. ಆನ್‌ಲೈನ್ ಔಷಧಿ ಅಂಗಡಿ ಬರೀ ಪ್ರಶ್ನಾವಳಿ ತುಂಬಿಸಿಕೊಂಡು ಕೊಟ್ಟುಬಿಡುವಂತಿಲ್ಲ, ನಿಮ್ಮ ತೂಕವನ್ನು ಬೇರೊಂದು ರೀತಿಯಲ್ಲಿಯೂ ಖಚಿತಪಡಿಸಿಕೊಳ್ಳಬೇಕೆಂಬ ನಿಯಮ 2025ರಿಂದಿದೆ. ಅದನ್ನು ಮಾಡದ ಅಂಗಡಿಯಿಂದ ದೂರವಿರಿ. ಭಾರತದಲ್ಲಿಯೂ ಮೌಂಜಾರೊ 2025ರ ಮಾರ್ಚ್‌ನಿಂದ ಸಿಗುತ್ತಿರುವುದರಿಂದ, ರಜೆಯಲ್ಲಿ ಹೋದವರು ಬ್ಯಾಗಿನಲ್ಲಿ ತರುವ ಮಾತಾಡುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಶೀತದಲ್ಲಿಡಬೇಕಾದ ಔಷಧ ಪ್ರಯಾಣದಲ್ಲಿ ಹೇಗಿತ್ತೆಂಬುದು ತಿಳಿಯದು, 2.5 ಮಿಲಿಗ್ರಾಮ್‌ನಿಂದ ಆರಂಭಿಸಿ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಏರಿಸುವಾಗ ನೋಡಿಕೊಳ್ಳುವವರೂ ಇರುವುದಿಲ್ಲ. ಎಲ್ಲಿ ಕೊಂಡರೂ ಜಿಪಿಗೆ ತಿಳಿಸಿ. ಗರ್ಭನಿರೋಧಕ ಮಾತ್ರೆ ನುಂಗುವವರು ಮೌಂಜಾರೊ ಆರಂಭಿಸಿದ ನಾಲ್ಕು ವಾರ, ಪ್ರತಿ ಸಲ ಪ್ರಮಾಣ ಏರಿಸಿದ ನಾಲ್ಕು ವಾರ ಕಾಂಡೋಮ್ ಕೂಡ ಬಳಸಬೇಕು. ಹೊಟ್ಟೆಯಿಂದ ಬೆನ್ನಿಗೆ ಹರಿಯುವ, ಬಿಡದ ತೀವ್ರ ನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿದು ಕೂರದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಡಯಟೀಶಿಯನ್ ಭೇಟಿಗೆ ಮುಂಚೆ ಒಂದು ವಾರದ ಊಟದ ಲೆಕ್ಕ ಬರೆದಿಡಿ. ಕನ್ನಡದಲ್ಲೇ ಮಾತಾಡಬೇಕೆನ್ನುವವರು ದುಭಾಷಿಯನ್ನು ಮುಂಚಿತವಾಗಿ ಕೇಳಬಹುದು, ಅದಕ್ಕೆ ಹಣವಿಲ್ಲ. ಡಯಟೀಶಿಯನ್ ಕೊಡುವ ಮುದ್ರಿತ ಹಾಳೆಗಳಲ್ಲಿ ಬ್ರೆಡ್ಡು, ಪಾಸ್ತಾ ಇರುತ್ತವೆಯೇ ವಿನಾ ಮುದ್ದೆ, ಕಡುಬು, ಅಕ್ಕಿರೊಟ್ಟಿ ಇರುವುದಿಲ್ಲ. 'ಒಂದು ಮುದ್ದೆ' ಎಂದರೆ ಅವರಿಗೆ ಏನೂ ಅರ್ಥವಾಗದು. ಅಡುಗೆಮನೆಯ ತಕ್ಕಡಿಯಲ್ಲಿ ಮುದ್ದೆಯನ್ನು ತೂಗಿ ಗ್ರಾಮಿನಲ್ಲಿ ಬರೆಯಿರಿ, ರೊಟ್ಟಿಗೆ ಹಾಕಿದ ಎಣ್ಣೆಯನ್ನು ಚಮಚದಲ್ಲಿ ಎಣಿಸಿ; ಮೂಡಿಗೆರೆ, ಸಕಲೇಶಪುರದ ಕಡೆಯವರು ದಿನದ ಕಾಫಿ ಎಷ್ಟು ಲೋಟ, ಲೋಟಕ್ಕೆ ಸಕ್ಕರೆಯೋ ಬೆಲ್ಲವೋ ಎಷ್ಟು ಎಂಬುದನ್ನೂ ಮುಚ್ಚಿಡದೆ ಬರೆಯಿರಿ.