ಆರ್ಕಿಟೆಕ್ಚರ್ ಓದಿ ಮುಗಿಯಿತು: ಮುಂದಿನ ದಾರಿ ಆರಿಸುವುದು ಹೇಗೆ?

ಕೊನೆಯ ಪ್ರಾಜೆಕ್ಟ್ ನೋಡಿ ಅಂಕ ಕೊಡುವ ಥೀಸಿಸ್ ಜ್ಯೂರಿ ಮುಗಿದು, ಬಾಕಿ ನಿದ್ದೆಯೆಲ್ಲ ತೀರಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಆಫೀಸ್ ಸೇರುವುದು? ಮಾಸ್ಟರ್ಸ್ ಈಗಲೇ ಮಾಡಬೇಕಾ? ಡಿಸೈನ್‌ನಲ್ಲಿ ನಾನು ಅಷ್ಟಕ್ಕಷ್ಟೇ, ಹಾಗಾದರೆ ಇಷ್ಟು ವರ್ಷ ಸುಮ್ನೆ ಹೋಯಿತಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಏನೂ ಹೋಗಿಲ್ಲ. ಬ್ರಿಟನ್ನಿನ ಆರ್ಕಿಟೆಕ್ಟ್‌ಗಳ ಸಂಸ್ಥೆ ಆರ್‌ಐಬಿಎ ಒಂದು ಕಟ್ಟಡದ ಕೆಲಸವನ್ನು 0ಯಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸಿದೆ. ಆ ಕಟ್ಟಡ ನಿಜಕ್ಕೂ ಬೇಕಾ ಎಂದು ಯೋಚಿಸುವುದು ಮೊದಲ ಹಂತ. ಜನ ಅದನ್ನು ಬಳಸುವುದು ಕೊನೆಯದು. ಕಾಲೇಜಿನ ಸ್ಟುಡಿಯೊದಲ್ಲಿ ಹೆಚ್ಚಾಗಿ ಮಾಡಿಸುವ ಕಾನ್ಸೆಪ್ಟ್ ಡಿಸೈನ್, ಅಂದರೆ ಕಟ್ಟಡದ ಮೂಲ ಕಲ್ಪನೆಯ ವಿನ್ಯಾಸ, ಈ ಪಟ್ಟಿಯಲ್ಲಿ 2ನೇ ನಂಬರಿನ ಒಂದೇ ಒಂದು ಹಂತ. ಜ್ಯೂರಿಯಲ್ಲಿ ಸಿಕ್ಕ ಅಂಕ ಆ ಒಂದು ಹಂತದ ಬಗ್ಗೆ ಹೇಳುತ್ತದೆ. ಉಳಿದ ಏಳರಲ್ಲಿ ನೀವು ಎಷ್ಟು ಚುರುಕು ಎಂಬುದು ನಿಮಗೂ ಇನ್ನೂ ಗೊತ್ತಿಲ್ಲ, ನಿಮ್ಮ ಮೇಷ್ಟ್ರಿಗೂ ಗೊತ್ತಿಲ್ಲ.

ಅದಕ್ಕೇ ಹುದ್ದೆಯ ಹೆಸರು ನೋಡಿ ದಾರಿ ಆರಿಸಬೇಡಿ. ಆ ಹುದ್ದೆಯಲ್ಲಿರುವವರು ಬೆಳಗಿನಿಂದ ಸಂಜೆವರೆಗೆ ಏನು ಮಾಡುತ್ತಾರೆ ಎಂದು ನೋಡಿ ಆರಿಸಿ.

1. ಹಳೆಯ ಶೀಟ್‌ಗಳನ್ನು ಹರಡಿಕೊಳ್ಳಿ

ಮೊದಲ ವರ್ಷದಿಂದ ಮಾಡಿದ ಪ್ರಾಜೆಕ್ಟ್‌ಗಳನ್ನೆಲ್ಲ ಹೊರಗೆ ತೆಗೆಯಿರಿ. ಅಂಕಗಳನ್ನು ನೋಡಬೇಡಿ. ಯಾರೂ ಹೇಳದಿದ್ದರೂ ಯಾವ ಭಾಗಕ್ಕೆ ಜಾಸ್ತಿ ಹೊತ್ತು ಕೊಟ್ಟಿದ್ದೀರಿ ಎಂದು ನೋಡಿ. ನಿಮ್ಮ ಒಲವು ಅಲ್ಲಿ ಸಿಗುತ್ತದೆ.

ಸೈಟ್ ಸುತ್ತಿ ಜನರ ಓಡಾಟ, ನೆರಳು, ಬಸ್ ನಿಲ್ದಾಣ ಎಲ್ಲ ಗುರುತು ಮಾಡುವುದರಲ್ಲೇ ಮುಳುಗಿದ್ದಿರಾ? ಹಾಗಾದರೆ ನಗರ ವಿನ್ಯಾಸ, ನಗರ ಯೋಜನೆ ನಿಮ್ಮನ್ನು ಕರೆಯುತ್ತಿರಬಹುದು. ಬ್ರೆಜಿಲ್‌ನ ಜೈಮಿ ಲರ್ನರ್ ಓದಿದ್ದು ಆರ್ಕಿಟೆಕ್ಚರ್. 1971ರಲ್ಲಿ ಅವರು ಕುರಿಟಿಬಾ ನಗರದ ಮೇಯರ್ ಆದರು. 1974ರಲ್ಲಿ ಅಲ್ಲಿ ಬಸ್ಸುಗಳಿಗೇ ಮೀಸಲಾದ ದಾರಿಗಳು ಶುರುವಾದವು. ಇವತ್ತು ಎಷ್ಟೋ ನಗರಗಳಲ್ಲಿರುವ ಬಿಆರ್‌ಟಿ (ಬಸ್ ರ‍್ಯಾಪಿಡ್ ಟ್ರಾನ್ಸಿಟ್) ವ್ಯವಸ್ಥೆಗೆ ಮಾದರಿಯಾದದ್ದು ಅದೇ. ಒಂದು ಪ್ಲಾನ್ ಓದುವ ಕಣ್ಣು ಇಡೀ ಊರಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ.

ಹಳೆಯ ಕಟ್ಟಡ ಅಳೆದು ಬರೆಯುವ ಮೆಷರ್ಡ್ ಡ್ರಾಯಿಂಗ್ ಇಷ್ಟವಾಗಿತ್ತು ಎಂದರೆ ಪಾರಂಪರಿಕ ಕಟ್ಟಡಗಳ ಸಂರಕ್ಷಣೆ ಇದೆ. ಕಿಟಕಿ ಚೌಕಟ್ಟಿನಿಂದ ನೀರು ಒಳಗೆ ಬಾರದ ಹಾಗೆ ಡೀಟೇಲ್ ಬರೆದಾಗ ಖುಷಿಯಾಗಿತ್ತಾ? ಕಟ್ಟಡದ ಹೊರಮೈ ಬಗ್ಗೆ ಸಲಹೆ ಕೊಡುವ ಫಸಾಡ್ ಕನ್ಸಲ್ಟೆಂಟ್‌ಗಳು ಇಂಥವರನ್ನೇ ಹುಡುಕುತ್ತಾರೆ. ಬೆಳಕು, ಶಾಖ, ಗಾಳಿಯ ಲೆಕ್ಕ ಹಿಡಿಸಿದ್ದರೆ ಹಸಿರು ಕಟ್ಟಡಗಳ ಕ್ಷೇತ್ರ ಇದೆ. ಬ್ರಿಟನ್ನಿನಲ್ಲಿ 1990ರಲ್ಲಿ ಕಟ್ಟಡ ಎಷ್ಟು ಪರಿಸರಸ್ನೇಹಿ ಎಂದು ಅಳೆಯುವ ಬ್ರೀಮ್ ರೇಟಿಂಗ್ ಬಂತು, ಆಮೇಲೆ ಅಮೆರಿಕದ ಲೀಡ್, ಭಾರತದ ಗೃಹ ಬಂದವು. ಈ ರೇಟಿಂಗ್‌ಗಳಿಗೆ ಬೇಕಾದ ಲೆಕ್ಕ, ದಾಖಲೆ ಸಿದ್ಧಪಡಿಸುವುದೇ ಈಗ ಒಂದು ಪೂರ್ಣ ಉದ್ಯೋಗ.

ಮಾಡೆಲ್, ರೆಂಡರಿಂಗ್ (ಕಟ್ಟಡ ನಿಜದಂತೆ ಕಾಣುವ ಕಂಪ್ಯೂಟರ್ ಚಿತ್ರ) ಮಾಡುವುದರಲ್ಲಿ ರಾತ್ರಿ ಕಳೆದವರಿಗೆ ವಿಷುಯಲೈಸೇಷನ್, ಗೇಮ್ ಕಂಪನಿಗಳು, ಸಿನಿಮಾ ಸೆಟ್ ವಿನ್ಯಾಸ ಇವೆ. ಇನ್ನೂ ದೂರ ಹೋದವರೂ ಇದ್ದಾರೆ. ಜಾನ್‌ಫ್ರಾಂಕೊ ಫೆರೆ 1969ರಲ್ಲಿ ಮಿಲಾನ್‌ನಲ್ಲಿ ಆರ್ಕಿಟೆಕ್ಚರ್ ಪದವಿ ಪಡೆದರು, ಮುಂದೆ ಡಿಯೋರ್ ಫ್ಯಾಷನ್ ಸಂಸ್ಥೆಯ ವಿನ್ಯಾಸದ ಮುಖ್ಯಸ್ಥರಾದರು. ವರ್ಜಿಲ್ ಆಬ್ಲೊ ಶಿಕಾಗೊದಲ್ಲಿ ಆರ್ಕಿಟೆಕ್ಚರ್ ಮಾಸ್ಟರ್ಸ್ ಮಾಡಿ, 2018ರಲ್ಲಿ ಲೂಯಿ ವಿಟಾನ್ ಫ್ಯಾಷನ್ ಸಂಸ್ಥೆ ಸೇರಿದರು. ಇವರು ಆರ್ಕಿಟೆಕ್ಚರ್ ಬಿಟ್ಟುಹೋದವರು ಎಂದು ನನಗೆ ಅನ್ನಿಸುವುದಿಲ್ಲ. ಅಳತೆ, ರಚನೆ, ವಸ್ತು ಎಂಬ ಅದೇ ವಿದ್ಯೆಯನ್ನು ಬೇರೆ ಕಡೆ ಬಳಸಿದರು.

2. ಲೈಸೆನ್ಸ್ ವಿಷಯ ಈಗಲೇ ತೀರ್ಮಾನಿಸಿ

ಪದವಿ ಸಿಕ್ಕ ಮಾತ್ರಕ್ಕೆ ಆರ್ಕಿಟೆಕ್ಟ್ ಆಗಿಬಿಡುವುದಿಲ್ಲ. ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರಷ್ಟೇ ಆ ಹೆಸರು ಬಳಸಬಹುದು. ಲೈಸೆನ್ಸ್ ಎಂದು ನಾನು ಹೇಳುತ್ತಿರುವುದು ಈ ನೋಂದಣಿಯನ್ನೇ. ಬ್ರಿಟನ್ನಿನಲ್ಲಿ 1997ರ ಕಾಯ್ದೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ದಾರಿ ಉದ್ದ: ಆರು ವಿಭಾಗಗಳಲ್ಲಿ ಒಟ್ಟು 3,740 ಗಂಟೆಗಳ ಅನುಭವ ದಾಖಲಿಸಬೇಕು, ಜೊತೆಗೆ ಆರು ಭಾಗಗಳ ಪರೀಕ್ಷೆ ಪಾಸಾಗಬೇಕು.

ಫಸಾಡ್‌ಗೋ ಸಿನಿಮಾಗೋ ಹೋಗುವವರಿಗೆ ಲೈಸೆನ್ಸ್ ಇಲ್ಲದೆಯೂ ನಡೆಯುತ್ತದೆ. ಆದರೂ ಪಡೆಯುವ ಅವಕಾಶ ಇದ್ದರೆ ಬಿಡಬೇಡಿ. ಮೂವತ್ತೈದರ ಹೊತ್ತಿಗೆ ಸ್ವಂತ ಆಫೀಸ್ ತೆರೆಯುವ ಆಸೆ ಹುಟ್ಟಿದರೆ, ಹಳೆಯ ಅನುಭವದ ಪತ್ರಗಳನ್ನು ಹುಡುಕಿಕೊಂಡು ಹೋಗುವುದು ತುಂಬ ಕಷ್ಟ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಯಾವ ಪ್ರಾಜೆಕ್ಟ್, ಯಾವ ಹಂತ, ನೀವು ಮಾಡಿದ್ದೇನು ಎಂದು ಬರೆದಿಡಿ. ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ನಿಮ್ಮ ಪದವಿಗೆ ಅಲ್ಲಿ ಮಾನ್ಯತೆ ಇದೆಯಾ ಎಂದು ಆ ದೇಶದ ನೋಂದಣಿ ಸಂಸ್ಥೆಯಿಂದಲೇ ತಿಳಿದುಕೊಳ್ಳಿ.

3. ಮೊದಲ ಕೆಲಸ: ಸೈಟ್ ಕಾಣಿಸುವ ಆಫೀಸ್ ಹುಡುಕಿ

ಈ ಹೆಜ್ಜೆಯ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಮುಂದೆ ಯಾವ ದಾರಿ ಹಿಡಿದರೂ, ಒಂದು ಕಟ್ಟಡವಾದರೂ ಕಾಗದದಿಂದ ಮೇಲೆದ್ದು ಬಾಗಿಲು ತೆರೆಯುವವರೆಗೆ ನೋಡಿರಬೇಕು.

ಯಾಕೆಂದರೆ ಡ್ರಾಯಿಂಗ್‌ನಲ್ಲಿ ತಪ್ಪು ಎಲ್ಲಿ ಆಗುತ್ತದೆ ಎಂದು ಕಲಿಸುವುದು ಸೈಟ್ ಮಾತ್ರ. ಎಸಿ ಡಕ್ಟ್ ಹೋಗಬೇಕಾದ ಕಡೆಯೇ ತೊಲೆ ಬಂದಿರುತ್ತದೆ. ಬಾಗಿಲು ತೆರೆದರೆ ವಾಶ್ ಬೇಸಿನ್‌ಗೆ ಬಡಿಯುತ್ತದೆ. ಬಾತ್‌ರೂಮಿನ ಸ್ಲ್ಯಾಬ್ ತಗ್ಗಿಸುವುದು ಬಿಟ್ಟುಹೋಗಿ, ಪೈಪಿನ ಇಳಿಜಾರಿಗೆ ಜಾಗವೇ ಇರುವುದಿಲ್ಲ. ಪರದೆಯ ಮೇಲೆ ಇವನ್ನು ಒಂದು ಕ್ಲಿಕ್‌ನಲ್ಲಿ ಸರಿಮಾಡಬಹುದು. ಕಾಂಕ್ರೀಟ್ ಹಾಕಿದ ಮೇಲೆ ಒಡೆಯಬೇಕು, ಯಾರೋ ದುಡ್ಡು ಕೊಡಬೇಕು. ಆ ಹೊತ್ತಿನಲ್ಲಿ ಕಾಂಟ್ರಾಕ್ಟರ್, ಎಂಜಿನಿಯರ್, ಮಾಲೀಕರು ಮೂವರ ನಡುವೆ ನಿಂತು ದಾರಿ ಹುಡುಕುವವರೇ ಆರ್ಕಿಟೆಕ್ಟ್. ಈ ಕೆಲಸ ನಿಮಗೆ ಹಿಡಿಸುತ್ತದಾ ಇಲ್ಲವಾ ಎಂದು ಸೈಟ್‌ಗೆ ಹೋಗದೆ ತಿಳಿಯುವುದಿಲ್ಲ.

ಸಣ್ಣ ಆಫೀಸಿನಲ್ಲಿ ಎಲ್ಲ ಹಂತಗಳೂ ಬೇಗ ಕೈಗೆ ಸಿಗುತ್ತವೆ. ಆದರೆ ಹೇಳಿಕೊಡಲು ಹಿರಿಯರಿಗೆ ಬಿಡುವಿರುವುದಿಲ್ಲ. ದೊಡ್ಡ ಆಫೀಸಿನಲ್ಲಿ ಪದ್ಧತಿ, ಶಿಸ್ತು ಕಲಿಯಬಹುದು. ಆದರೆ ವರ್ಷಗಟ್ಟಲೆ ಮೆಟ್ಟಿಲು, ಟಾಯ್ಲೆಟ್ ಡೀಟೇಲ್‌ಗಳಲ್ಲೇ ಉಳಿದುಬಿಡುವ ಅಪಾಯ ಇದೆ. ನನ್ನ ಮಾತು ಕೇಳುವುದಾದರೆ, ಮೊದಲು ಸಣ್ಣದು ಅಥವಾ ಮಧ್ಯಮ ಗಾತ್ರದ್ದು ಸೇರಿ.

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ಸೈಟ್‌ಗೆ ಕಳಿಸುತ್ತೀರಾ? ನನ್ನ ಡ್ರಾಯಿಂಗ್ ಯಾರು ಚೆಕ್ ಮಾಡುತ್ತಾರೆ? ಟೆಂಡರ್, ಬಿಲ್ ಪರಿಶೀಲನೆ ನೋಡಲು ಸಿಗುತ್ತದಾ? ಮಾಡಿದ ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ (ನನ್ನ ಕೆಲಸಗಳ ಸಂಗ್ರಹದಲ್ಲಿ) ತೋರಿಸಬಹುದಾ? ಸಂಬಳವಿಲ್ಲದೆ ‘ಅನುಭವಕ್ಕಾಗಿ’ ದುಡಿಸಿಕೊಳ್ಳುವ ಕಡೆ ಹೋಗಬೇಡಿ, ಹೆಸರು ಎಷ್ಟೇ ದೊಡ್ಡದಿರಲಿ. ಪದವೀಧರರ ದುಡಿಮೆಗೆ ಬೆಲೆ ಕೊಡದ ಅಭ್ಯಾಸ ಈ ವೃತ್ತಿಗೆ ಬಹಳ ಕೆಟ್ಟದ್ದು ಮಾಡಿದೆ.

4. ಒಂದೇ ಪೋರ್ಟ್‌ಫೋಲಿಯೊ ಎಲ್ಲರಿಗೂ ಕಳಿಸಬೇಡಿ

ಡಿಸೈನ್ ಆಫೀಸಿಗೆ ಐಡಿಯಾ ಹೇಗೆ ಬೆಳೆಯಿತು ಎಂದು ತೋರಿಸುವ ಸ್ಕೆಚ್‌ಗಳು ಬೇಕು. ಸಂರಕ್ಷಣೆಯವರಿಗೆ ಮೆಷರ್ಡ್ ಡ್ರಾಯಿಂಗ್. ಬಿಮ್ (ಕಟ್ಟಡದ ಎಲ್ಲ ಮಾಹಿತಿ ಇರುವ ಡಿಜಿಟಲ್ ಮಾಡೆಲ್) ಕೆಲಸಕ್ಕೆ ರೆಂಡರಿಂಗ್‌ಗಿಂತ ಅಚ್ಚುಕಟ್ಟಾದ ಮಾಡೆಲ್ ಮುಖ್ಯ: ಪೈಪ್ ಮತ್ತು ತೊಲೆ ಎಲ್ಲಿ ತಾಗುತ್ತವೆ ಎಂದು ಕಂಡುಹಿಡಿದ ಉದಾಹರಣೆ, ಫೈಲ್‌ಗಳಿಗೆ ಹೆಸರಿಟ್ಟ ಕ್ರಮ. ಕಟ್ಟಡದ ಮಾಹಿತಿ ನಿರ್ವಹಣೆಗೆ 2018ರಿಂದ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ, ಅದನ್ನು ಓದಿಕೊಂಡು ಹೋಗಿ. ಗುಂಪಿನಲ್ಲಿ ಮಾಡಿದ ಪ್ರಾಜೆಕ್ಟ್ ಆದರೆ ನಿಮ್ಮ ಪಾಲು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ.

5. ಮಾಸ್ಟರ್ಸ್‌ಗೆ ಅವಸರ ಬೇಡ

ಏನು ಮಾಡಬೇಕೆಂದು ತೋಚದೆ ಮಾಸ್ಟರ್ಸ್ ಸೇರುವವರು ಜಾಸ್ತಿ. ಎರಡು ವರ್ಷ ಕೆಲಸ ಮಾಡಿ ಹೋದರೆ ಯಾವ ಪ್ರಶ್ನೆ ಹಿಡಿದು ಓದಬೇಕು ಎಂದು ಗೊತ್ತಿರುತ್ತದೆ. ಪಾಠ ಹೇಳುವುದು, ನಗರ ಯೋಜನೆ, ಸಂರಕ್ಷಣೆ, ಇವಕ್ಕೆ ಬಹಳ ಕಡೆ ಆ ಪದವಿ ಕೇಳುತ್ತಾರೆ. ಅಂಥವರು ಬೇಗ ಹೋದರೂ ಸರಿಯೇ.

6. ಯಾರೂ ಹೇಳದ ದಾರಿಗಳನ್ನೂ ನೋಡಿ

ಆಸ್ಪತ್ರೆ, ವಿಮಾನ ನಿಲ್ದಾಣ, ವಿಶ್ವವಿದ್ಯಾಲಯ, ಬಿಲ್ಡರ್ ಕಂಪನಿಗಳು ಕಟ್ಟಡ ಕಟ್ಟಿಸುವವರು. ಡ್ರಾಯಿಂಗ್ ಓದಬಲ್ಲ, ಪ್ರಶ್ನೆ ಕೇಳಬಲ್ಲ ಮನುಷ್ಯ ಅವರ ಕಡೆಯಲ್ಲೂ ಬೇಕು. ಮಾಲೀಕರ ಪರ ಕೂತ ಒಬ್ಬ ಒಳ್ಳೆಯ ಆರ್ಕಿಟೆಕ್ಟ್‌ನಿಂದ ಎಷ್ಟೋ ಕಟ್ಟಡಗಳು ಉಳಿಯುತ್ತವೆ.

ವಿಪತ್ತಿನಲ್ಲಿ ಮನೆ ಕಳೆದುಕೊಂಡವರಿಗಾಗಿ ದುಡಿಯುವ ದಾರಿಯೂ ಇದೆ. ಜಪಾನಿನ ಆರ್ಕಿಟೆಕ್ಟ್ ಶಿಗೆರು ಬಾನ್ 1995ರ ಕೋಬೆ ಭೂಕಂಪದ ನಂತರ ಕಾಗದದ ಕೊಳವೆಗಳಿಂದ ತಾತ್ಕಾಲಿಕ ಮನೆಗಳನ್ನು ಮಾಡಿದರು. 2014ರಲ್ಲಿ ಅವರಿಗೆ ಆರ್ಕಿಟೆಕ್ಚರ್‌ನ ಬಹು ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ದಾರಿ ಬದಲಿಸುವ ಮುನ್ನ ಆ ಕೆಲಸ ಮಾಡುವ ಒಬ್ಬರ ಜೊತೆ ಒಂದು ದಿನ ಕೂತು ನೋಡಿ, ಇಲ್ಲವೇ ಒಂದು ಸಣ್ಣ ಪ್ರಾಜೆಕ್ಟ್ ಮಾಡಿ ನೋಡಿ. ಸಂಬಳ ಕೇಳುವುದಕ್ಕೆ ಮೊದಲು, ‘ನಿನ್ನೆ ಇಡೀ ದಿನ ಏನು ಮಾಡಿದಿರಿ?’ ಎಂದು ಕೇಳಿ.

7. ಸ್ವಂತ ಆಫೀಸ್ ತೆರೆಯುವವರಿಗೆ

ನಮ್ಮ ದೇಶದ ಆರ್ಕಿಟೆಕ್ಟ್ ಬಿ.ವಿ. ದೋಶಿ 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲ ಕಾರ್ಬುಸಿಯೆ ಅವರ ಬಳಿ ದುಡಿದರು. ಆಮೇಲೆ ಅಹಮದಾಬಾದಿನಲ್ಲಿ ಕಾರ್ಬುಸಿಯೆ ಅವರದೇ ಕಟ್ಟಡಗಳ ಉಸ್ತುವಾರಿ ನೋಡಿಕೊಂಡರು. ಪರದೇಶದ ಆಫೀಸ್, ಸೈಟ್ ಎರಡನ್ನೂ ಹೀಗೆ ಅರಗಿಸಿಕೊಂಡು ಸ್ವಂತ ಸ್ಟುಡಿಯೊ ಕಟ್ಟಿದರು. 2018ರಲ್ಲಿ ಪ್ರಿಟ್ಜ್‌ಕರ್ ಪಡೆದ ಮೊದಲ ಭಾರತೀಯ ಅವರು.

ನೀವು ತೆರೆಯುವ ದಿನ ಡಿಸೈನ್ ಬಗ್ಗೆ ಚಿಂತೆ ಬೇಡ, ಒಪ್ಪಂದದ ಬಗ್ಗೆ ಇರಲಿ. ಪರಿಚಯದವರ ಮನೆ ಎಂದು ಬಾಯಿಮಾತಿನಲ್ಲಿ ಶುರುಮಾಡಬೇಡಿ. ನೀವು ಏನೇನು ಮಾಡಿಕೊಡುತ್ತೀರಿ, ಎಷ್ಟು ಸಲ ಪ್ಲಾನ್ ಬದಲಿಸುತ್ತೀರಿ, ಸೈಟ್‌ಗೆ ಎಷ್ಟು ಸಲ ಬರುತ್ತೀರಿ, ಯಾವ ಹಂತಕ್ಕೆ ಎಷ್ಟು ಫೀಸ್, ಎಲ್ಲ ಕಾಗದದ ಮೇಲೆ ಬರಲಿ. ಮುಂದಿನ ಹಂತದ ಡ್ರಾಯಿಂಗ್ ಕೊಡುವ ಮೊದಲು ಹಿಂದಿನ ಹಂತದ ಫೀಸ್ ಕೈಸೇರಿರಲಿ. ನಿಮ್ಮ ಕೆಲಸದ ತಪ್ಪಿನಿಂದಾದ ನಷ್ಟ ಭರಿಸುವ ವೃತ್ತಿ ಹೊಣೆಗಾರಿಕೆಯ ವಿಮೆ ಸಿಗುವ ಕಡೆ ಅದನ್ನು ಮೊದಲ ಪ್ರಾಜೆಕ್ಟ್‌ಗೆ ಸಹಿ ಹಾಕುವ ಮುಂಚೆಯೇ ಮಾಡಿಸಿಕೊಳ್ಳಿ.